ಕೌನ್ಸೆಲರ್ ಹತ್ತಿರ ಹೇಳಿದ್ದು ಪೊಲೀಸರಿಗೆ ಹೋಗುತ್ತದಾ?

"ಡಾಕ್ಟರ್ ಅಥವಾ ಕೌನ್ಸೆಲರ್ ಹತ್ತಿರ ಎಲ್ಲ ಬಿಚ್ಚಿ ಹೇಳಿದರೆ ಅದು ಮನೆಯವರಿಗೋ ಪೊಲೀಸರಿಗೋ ತಲುಪುತ್ತದಾ?" ಅಂತ ಕೇಳಿದ್ದೀರಿ. ನಾನು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿದ್ದೇನೆ. ಬೇರೆಯವರ ಕೇಸ್ ಶೀಟ್ ಕೇಳಿಕೊಂಡು ಬರುವವರನ್ನು ದಿನಾ ನೋಡುತ್ತೇನೆ.

ಸಾಮಾನ್ಯವಾಗಿ ಹೋಗುವುದಿಲ್ಲ. ಗಂಡ, ಹೆಂಡತಿ, ಬಿಲ್ ಕಟ್ಟಿದ ಅಣ್ಣ, ಯಾರೇ ಆಗಲಿ, ವಯಸ್ಕ ರೋಗಿ ಒಪ್ಪದಿದ್ದರೆ ಹೇಳುವ ಹಾಗಿಲ್ಲ. ಆದರೆ ಕೆಲವು ಕಡೆ ಕಾನೂನೇ ವೈದ್ಯರ ಬಾಯಿ ಬಿಡಿಸುತ್ತದೆ. ಕೋರ್ಟ್ ಆದೇಶ ಬಂದರೆ ಹೇಳಬೇಕು. ಕ್ಷಯದಂಥ ಕಾಯಿಲೆಯಾದರೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಇವುಗಳಲ್ಲಿ ಗೊಂದಲ ಕಡಿಮೆ.

ಕಷ್ಟ ಇರುವುದು ಮಕ್ಕಳ ವಿಷಯದಲ್ಲಿ. ಭಾರತದಲ್ಲಿ 2012ರ ಪೋಕ್ಸೋ ಕಾಯ್ದೆ ಪ್ರಕಾರ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ವೈದ್ಯರಷ್ಟೇ ಅಲ್ಲ, ಯಾರಿಗೇ ಗೊತ್ತಾದರೂ. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಇಲ್ಲಿ ಮಗು ಅಂದರೆ 18 ತುಂಬದವರು. ಹಾಗಾಗಿ ಪ್ರೀತಿಸಿದ ಹುಡುಗನಿಂದ ಗರ್ಭಿಣಿಯಾದ 17ರ ಹುಡುಗಿಯೂ ಇದರೊಳಗೆ ಬರುತ್ತಾಳೆ. ಕೇಸಾಗುತ್ತೆ ಅನ್ನುವ ಹೆದರಿಕೆಗೆ ಅಂಥವಳು ಆಸ್ಪತ್ರೆಗೇ ಬರದೆ ಎಲ್ಲೋ ಗರ್ಭ ತೆಗೆಸಿಕೊಂಡರೆ ಜೀವಕ್ಕೇ ಅಪಾಯ ಅಲ್ವಾ? 2022ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ದಾರಿ ಮಾಡಿತು. ಗರ್ಭಪಾತಕ್ಕೆ ಬಂದ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ, ಪೊಲೀಸರಿಗೆ ಕೊಡುವ ವರದಿಯಲ್ಲಿ ವೈದ್ಯರು ಅವಳ ಗುರುತು ಹೇಳದೆ ಬಿಡಬಹುದು. ವರದಿಯೂ ಆಯಿತು, ಹೆಸರೂ ಗುಟ್ಟಾಗಿ ಉಳಿಯಿತು. ನನಗಂತೂ ಇದು ತುಂಬ ಸರಿ ಅನಿಸಿತು. ಹೇಳಲೇಬೇಕು ಅಂದಮಾತ್ರಕ್ಕೆ ಫೈಲ್ ಪೂರ್ತಿ ತೆರೆದಿಡಬೇಕು ಅಂತೇನಿಲ್ಲ.

ಇನ್ನು, ರೋಗಿಯಿಂದ ಬೇರೆಯವರ ಜೀವಕ್ಕೆ ಅಪಾಯ ಇದ್ದರೆ? ಅಮೆರಿಕದಲ್ಲಿ ಒಬ್ಬ ವಿದ್ಯಾರ್ಥಿ ಒಬ್ಬಳನ್ನು ಕೊಲ್ಲುತ್ತೇನೆ ಅಂತ ಮನಶ್ಶಾಸ್ತ್ರಜ್ಞರ ಹತ್ತಿರ ಹೇಳಿದ್ದ. ಅವರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ಹಿಡಿದು ಬಿಟ್ಟುಬಿಟ್ಟರು. ಆ ಹುಡುಗಿಗೆ ಮಾತ್ರ ಯಾರೂ ಹೇಳಲಿಲ್ಲ. 1969ರಲ್ಲಿ ಅವನು ಅವಳನ್ನು ಕೊಂದ. ಅಪಾಯದಲ್ಲಿರುವವರನ್ನು ಕಾಪಾಡುವ ಹೊಣೆ ಚಿಕಿತ್ಸಕರಿಗೂ ಇದೆ ಅಂತ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ ಹೇಳಿತು. ಹಾಗಂತ ಸಿಟ್ಟಿನಲ್ಲಿ ಆಡಿದ ಪ್ರತಿ ಮಾತಿಗೂ ಯಾರೂ ಪೊಲೀಸರನ್ನು ಕರೆಯುವುದಿಲ್ಲ. ಯಾರ ಮೇಲೆ ಅನ್ನುವುದು ಗೊತ್ತಿರಬೇಕು, ಅಪಾಯ ನಿಜಕ್ಕೂ ದೊಡ್ಡದಿರಬೇಕು. ಭಾರತದ ವೈದ್ಯರ ನಡತೆ ನಿಯಮಗಳಲ್ಲೂ ಹೆಚ್ಚುಕಡಿಮೆ ಹೀಗೇ ಇದೆ.

ನೀವು ಮಾಡಬೇಕಾದದ್ದು ಇಷ್ಟೇ. ಮೊದಲ ಭೇಟಿಯಲ್ಲೇ "ಯಾವ ವಿಷಯ ನಿಮ್ಮಲ್ಲೇ ಇಟ್ಟುಕೊಳ್ಳೋಕೆ ಆಗಲ್ಲ?" ಅಂತ ನೇರವಾಗಿ ಕೇಳಿ. ಒಳ್ಳೆಯ ಕೌನ್ಸೆಲರ್ ಇದಕ್ಕೆ ಬೇಜಾರಾಗುವುದಿಲ್ಲ, ಎಷ್ಟೋ ಸಲ ನೀವು ಕೇಳುವ ಮೊದಲೇ ಹೇಳಿರುತ್ತಾರೆ.