ಮೇಳದಲ್ಲಿ ವೀಡರ್‌ಗೆ ಅಡ್ವಾನ್ಸ್ ಕೊಡೋ ಮುಂಚೆ

ಅಣ್ಣಾ, ಬೆಂಗಳೂರು ಕೃಷಿ ವಿವಿಯ ಜಿಕೆವಿಕೆ ಆವರಣದ ಕೃಷಿ ಮೇಳದಲ್ಲಿ ಪವರ್ ವೀಡರ್ (ಕಳೆ ತೆಗೆಯೋ ಇಂಜಿನ್ ಮಷೀನು) ಡೆಮೊ ನೋಡಿ 'ಬೆಣ್ಣೆ ಥರ ಹೋಗುತ್ತೆ, ನಾಳೆ ಬಿಲ್ ಮಾಡಿಸ್ತೀನಿ, ಸಬ್ಸಿಡಿ ಆಮೇಲೆ ನೋಡೋಣ' ಅಂತ ಪೋಸ್ಟ್ ಹಾಕಿದೀರಲ್ಲ, ಒಂದು ದಿನ ತಡೀರಿ. ಇದೇ ತಪ್ಪು ನಾನೂ ಮಾಡಿದೀನಿ.

ಬಿಲ್ ಮೊದಲಾದ್ರೆ ಸಬ್ಸಿಡಿ ಕೈಬಿಟ್ಟಂಗೇ ಲೆಕ್ಕ. ಮೊದಲು ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಹಿಡ್ಕೊಂಡು ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ, ಆಮೇಲೆ ಮಂಜೂರಾತಿ, ನಿಮ್ಮ ಪಾಲಿನ ದುಡ್ಡು, ಕೊನೆಗೆ ಮಷೀನು. ಸಾಮಾನ್ಯ ವರ್ಗಕ್ಕೆ 50, ಪರಿಶಿಷ್ಟರಿಗೆ 90 ಪರ್ಸೆಂಟ್ ಅನ್ನೋದು ನಿಜ, ಆದ್ರೆ ಅದು ಇಲಾಖೆ ಒಪ್ಪಿದ ದರದ ಮೇಲೆ, ಮಿತಿಯೊಳಗೆ. ಸ್ಟಾಲಿನವರು ಬರೆದ ಎಂಆರ್‌ಪಿ ಮೇಲಲ್ಲ. ಇಲಾಖೆ ಪಟ್ಟಿಯಲ್ಲಿ ಕಂಪನಿ ಹೆಸರಿದ್ರೆ ಸಾಲದು, ಅದೇ ಮಾಡೆಲ್ ನಂಬರ್ ಇರಬೇಕು. ಗಾರ್ಲದಿನ್ನೆಯದೋ ಬುದ್ನಿಯದೋ (ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷಾ ಕೇಂದ್ರಗಳು) ಟೆಸ್ಟ್ ರಿಪೋರ್ಟ್ ಇದ್ಯಾ ಅಂತ ಬಾಯಿಬಿಟ್ಟು ಕೇಳಿ. ಇನ್ನು 'ಮೇಳದ ಆಫರ್' ಅಂದ್ರಲ್ಲ, ಮಣ್ಣು ಕೆಲಸದ ಯಂತ್ರಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಆ ಕಡಿತವನ್ನೇ ಆಫರ್ ಅಂತ ತೋರಿಸ್ತಿದ್ದಾರಾ ನೋಡಿ, ತೆರಿಗೆ ಬಿಟ್ಟ ಬೆಲೆ ಬರೆಸ್ಕೊಳ್ಳಿ.

ಈಗ ಡೆಮೊ ವಿಷಯ. ಆ ಪಾತಿ ಹಿಂದಿನ ದಿನವೇ ನೀರು ಕಂಡು, ಒಂದು ಸಲ ರೋಟವೇಟರ್ ತಿಂದಿರುತ್ತೆ. ಅದ್ರಲ್ಲಿ ಎಂಥ ಮಷೀನೂ ಬೆಣ್ಣೆಯೇ. ಅಂಚಲ್ಲಿ ಉಳದೇ ಬಿಟ್ಟ ಗಟ್ಟಿ ನೆಲ ಇರುತ್ತಲ್ಲ, ಅಲ್ಲಿ ಹತ್ತು ಅಡಿ ಓಡಿಸಿ ಅನ್ನಿ. ಹಿಂದಿನ ಡೆಪ್ತ್ ಕಂಬಿ ಇಳಿಸಿದಾಗ ಬ್ಲೇಡು ಮಣ್ಣಿಗೆ ಇಳೀಬೇಕು. ಮಷೀನು ಕುಣಿದು ನಿಮ್ಮನ್ನೇ ಎಳ್ಕೊಂಡು ಹೋದ್ರೆ ತೂಕ ಸಾಲಲ್ಲ ಅಂತ ಅರ್ಥ. ಓಡಿದ ಮೇಲೆ ಒಂದು ಕಡ್ಡಿ ಚುಚ್ಚಿ ಆಳ ಅಳೀರಿ, ಮೇಲೆದ್ದ ಪುಡಿ ನೋಡಿ ಮೋಸ ಹೋಗ್ಬೇಡಿ. ಹ್ಯಾಂಡಲ್ ನೀವೇ ಹಿಡೀರಿ, ಸ್ಟಾಲಿನ ಹುಡುಗ ದಿನಕ್ಕೆ ನೂರು ಸಲ ಹಿಡಿದವನು.

ಮಣ್ಣಿನ ಹದ ನೋಡೋದು ಹೀಗೆ: ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿ. ಒಡೆದು ಚದುರಿದ್ರೆ ಹದ, ಚಪ್ಪಟೆಯಾಗಿ ಕೂತ್ರೆ ಇನ್ನೊಂದು ದಿನ ಕಾಯಿರಿ. ಹಸಿಯಲ್ಲಿ ಓಡಿಸಿದ್ರೆ ಬ್ಲೇಡಿನ ಮಧ್ಯೆ ಮೆತ್ಕೊಂಡು ಅದು ಬರೀ ರೋಲರ್ ಆಗುತ್ತೆ. ಜಿಕೆವಿಕೆಯದು ಕೆಮ್ಮಣ್ಣು. ಎರೆ ಹೊಲದವರು ಅದನ್ನ ನೋಡಿ ತಗೊಳ್ಳೋದು ದಡ್ಡತನ, ಧಾರವಾಡದ ಮೇಳದಲ್ಲಿ ನೋಡಿ.

ಹೊಲದಲ್ಲಿ ಕೊನ್ನಾರಿ ಗೆಡ್ಡೆ ಇದ್ರೆ ವೀಡರ್ ಬೇಡವೇ ಬೇಡ. ಬ್ಲೇಡು ಗೆಡ್ಡೆ ಸರಪಳಿ ಕಡಿದು ಹರಡುತ್ತೆ, ಒಂದಿದ್ದದ್ದು ಹತ್ತಾಗುತ್ತೆ. ಗರಿಕೆಯದೂ ಅದೇ ಕಥೆ, ಮೇಲಾಗಿ ಆಕ್ಸಲ್‌ಗೆ ಸುತ್ಕೊಂಡು ಸೀಲ್ ತಿನ್ನುತ್ತೆ. ಡೆಮೊ ಪಾತಿಯಲ್ಲಿ ಇವೆರಡೂ ಇರಲ್ಲ, ಗಮನಿಸಿದ್ರಾ? ಸಾಲು 2 ಅಡಿ ಇದ್ರೆ ಬ್ಲೇಡಿನ ಅಗಲ ಒಂದೂವರೆ ಅಡಿ ದಾಟಬಾರದು. 30 ಸೆಂಮೀ ಸಾಲಿನ ರಾಗಿಗೆ ಇದು ನುಗ್ಗೋದೇ ಇಲ್ಲ, ಕೈಯಲ್ಲಿ ತಳ್ಳೋ ಸೈಕಲ್ ವೀಡರೇ ಸಾಕು.

ಇಂಜಿನ್ ಬಗ್ಗೆ ನನ್ನ ಅಭಿಪ್ರಾಯ: ಹೋಂಡಾ ಜಿಎಕ್ಸ್ ಇದ್ರೆ ಒಂದಿಷ್ಟು ಹೆಚ್ಚು ಕೊಟ್ರೂ ನಷ್ಟವಿಲ್ಲ. ನೋಡೋಕೆ ಅದೇ ಥರ ಇರೋ ಕಾಪಿ ಬಹಳ, ಬಣ್ಣ ನೋಡಬೇಡಿ, ಇಂಜಿನ್ ಮೇಲಿನ ನಂಬರ್ ಓದಿ. ಆಯಿಲ್ ಸುಮಾರು 600 ಎಂಎಲ್, 10ಡಬ್ಲ್ಯೂ-30 ಗ್ರೇಡಿನದು. ಮೊದಲ 20 ಗಂಟೆಗೆ ಬದಲಿಸಿ, ಆಮೇಲೆ 100 ಗಂಟೆಗೊಮ್ಮೆ. ಮೊದಲನೇದನ್ನ ಯಾರೂ ಮಾಡಲ್ಲ, ಆಮೇಲೆ ಕಂಪನಿಗೆ ಬೈತಾರೆ. ಏರ್ ಫಿಲ್ಟರ್ ನಮ್ಮ ಧೂಳಿಗೆ ದಿನಾ ಬಿಚ್ಚಿ ನೋಡಬೇಕು.

ಮೇಳದ ಸಂವಾದದಲ್ಲಿ 'ಬೆಂಬಲ ಬೆಲೆ ಯಾಕೆ ಸಿಗಲ್ಲ' ಅಂತ ಕೇಳಿದ್ದೂ ನೀವೇ ತಾನೇ? ಅಷ್ಟು ಅಗಲದ ಪ್ರಶ್ನೆಗೆ ಭಾಷಣವೇ ಉತ್ತರ. 2025-26ಕ್ಕೆ ಕ್ವಿಂಟಲ್ ರಾಗಿಗೆ 4,886 ರೂಪಾಯಿ ಘೋಷಣೆ ಆಗಿತ್ತು, ತಕರಾರು ಬೆಲೆಯದ್ದಲ್ಲ, ಖರೀದಿಯದ್ದು. ನಮ್ಮ ತಾಲ್ಲೂಕಿಗೆ ನೋಂದಣಿ ಯಾವತ್ತು, ಎಕರೆಗೆ ಎಷ್ಟು ಕ್ವಿಂಟಲ್ ತಗೋತಾರೆ, ಬೆಳೆ ಸಮೀಕ್ಷೆಯಲ್ಲಿ ರಾಗಿ ಬದಲು ಅಕ್ಕಡಿ ಸಾಲಿನ ಅವರೆ ನಮೂದಾಗಿದ್ರೆ ತಿದ್ದುವವರು ಯಾರು, ಇಷ್ಟು ಕೇಳಿ. ಚೀಟಿಯಲ್ಲಿ ಸರ್ವೆ ನಂಬರ್ ಸಮೇತ ಬರೆದು ವೇದಿಕೆಗೆ ಕೊಡಿ, ಇನ್ನೊಂದು ಪ್ರತಿ ಅಲ್ಲೇ ಕೂತಿರೋ ಇಲಾಖೆಯವರ ಕೈಗೆ.