ಹೇಳಿದಷ್ಟೇ ಮಾಡುವ ಹುಡುಗ

ಕಾರ್ಕಳದಿಂದ ನಿವೃತ್ತ ಮಾಷ್ಟ್ರೊಬ್ಬರು ಬರೆದಿದ್ದಾರೆ: "ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಬೈಕಂಪಾಡಿಯ ಫ್ಯಾಕ್ಟರಿಯೊಂದರಲ್ಲಿ ಕ್ವಾಲಿಟಿ ಚೆಕಿಂಗ್‌ನಲ್ಲಿದ್ದಾನೆ. ದಿನವೂ ಅದೇ ಅಳತೆ, ಅದೇ ರಿಜಿಸ್ಟರ್. ಅವನಿಗೆ ಅದರಲ್ಲೇ ಖುಷಿ! ಸ್ವಂತ ಬುದ್ಧಿ ಓಡಿಸುವ ಕೆಲಸಕ್ಕೆ ಬೆಂಗಳೂರಿಗೆ ಕಳಿಸಲೇ?"

ಬೇಡ ಮಾಷ್ಟ್ರೇ.

ಹೊಸದು ಹುಡುಕುವವರೂ ಬೇಕು, ಒಪ್ಪಿದೆ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಹೊಸ ಬುದ್ಧಿಯಿಂದಲೇ. ಆಮೇಲೆ? ಮಂಗಳೂರು ಹಂಚು ಒಂದರ ಕಚ್ಚಿಗೆ ಇನ್ನೊಂದು ಕೂರಬೇಕು. ಮಣ್ಣು ಹದ ಮಾಡುವವನು, ಅಚ್ಚು ಒತ್ತುವವನು, ಗೂಡಿಗೆ ಬೆಂಕಿ ಹಾಕುವವನು, ಎಲ್ಲರೂ ನಿನ್ನೆ ಮಾಡಿದ ಹಾಗೇ ಇವತ್ತೂ ಮಾಡಿದರು. ಅವರಲ್ಲಿ ಒಬ್ಬನಿಗೆ "ಇವತ್ತು ಸ್ವಲ್ಪ ಬೇರೆ ಥರ ಒತ್ತೋಣ" ಅನಿಸಿದ್ದರೂ ಸಾಕಿತ್ತು, ಆಟಿ ತಿಂಗಳ ಜಡಿಮಳೆ ನಮ್ಮಜ್ಜಿಯ ಚಾಪೆಗೇ ಬೀಳುತ್ತಿತ್ತು.

ನಮ್ಮ ಪಕ್ಕದ ಮನೆಯ ಅಕ್ಕ ಗೇರುಬೀಜದ ಫ್ಯಾಕ್ಟರಿಯಲ್ಲಿ ತಿರುಳು ವಿಂಗಡಿಸುತ್ತಿದ್ದರು. ಅಲ್ಲಿ 320ರ ದರ್ಜೆ ಅಂದರೆ ಒಂದು ಪೌಂಡಿಗೆ 300ರಿಂದ 320 ತಿರುಳು. 240 ಅಂದರೆ ಅದಕ್ಕಿಂತ ದೊಡ್ಡದು. ಅಕ್ಕನಿಗೆ ತಕ್ಕಡಿ ಬೇಡ, ಕಣ್ಣೇ ಸಾಕು. ಮದುವೆ ಮನೆಯ ಪಾಯಸ ನೋಡಿ "ಇದು ತುಂಡು ಮಾಲು" ಅಂದುಬಿಟ್ಟಿದ್ದರು, ಬೀಗರ ಎದುರೇ! ಬೇರೆಯಾದದ್ದು ಕಣ್ಣಿಗೆ ಬೀಳುವುದು ಒಂದೇ ಥರದ್ದನ್ನು ಸಾವಿರ ಸಲ ನೋಡಿದವರಿಗೆ. ನಿಮ್ಮ ಮಗ ಅಳತೆಯ ಗೇಜು ಹಿಡಿದು ಮಾಡುತ್ತಿರುವುದೂ ಅದನ್ನೇ.

ಜಾನ್ ಹಾಲೆಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ವಭಾವಕ್ಕೆ ತಕ್ಕ ಕೆಲಸದ ಬಗ್ಗೆ 1959ರಲ್ಲೇ ಬರೆದ. ಅವನು ಹೇಳುವ ಆರು ಬಗೆಯ ಜನರಲ್ಲಿ ಕ್ರಮ, ಲೆಕ್ಕ, ದಾಖಲೆ ಇಷ್ಟಪಡುವವರದ್ದೂ ಒಂದು ಬಗೆ. ಅದೊಂದು ಕಾಯಿಲೆ ಅಂತ ಅವನೆಲ್ಲೂ ಹೇಳಲಿಲ್ಲ.

ಇಂಥವರಿಗೆ ಫ್ಯಾಕ್ಟರಿಗಳಲ್ಲಿ ಜಾಗ ಬೇಕಾದಷ್ಟಿದೆ. ಬಾಯ್ಲರ್ ನೋಡಿಕೊಳ್ಳಲು ಕಾನೂನೇ ಸರ್ಟಿಫಿಕೇಟ್ ಕೇಳುತ್ತದೆ. ನೀರಿನ ಮಟ್ಟ, ಒತ್ತಡ, ಹೊತ್ತುಹೊತ್ತಿಗೆ ಲಾಗ್‌ಬುಕ್ಕು. ಅಲ್ಲಿ ಸ್ವಂತ ಬುದ್ಧಿ ಓಡಿಸುವವನ ಹತ್ತಿರ ನಾನಂತೂ ನಿಲ್ಲುವುದಿಲ್ಲ. ಮಾತ್ರೆ ತಯಾರಿಸುವಲ್ಲಿ ಪ್ರತಿ ಬ್ಯಾಚಿಗೂ ದಾಖಲೆ, ಹಂತಹಂತಕ್ಕೂ ಸಹಿ. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಮೆಷಿನ್ ಆದರೆ ಮೊದಲ ಪೀಸು ಅಳೆದು ಸರಿ ಅಂದಮೇಲೆಯೇ ಉಳಿದದ್ದು. ಮೀನು ಫ್ರೀಜ್ ಮಾಡುವಲ್ಲಿ ತಾಪಮಾನ ಬರೆದಿಡುವವನೂ ಇದೇ ಜಾತಿಯವನು.

ಚುರುಕು ಬುದ್ಧಿಯ ರುಚಿಯನ್ನೂ ನಾನು ನೋಡಿದ್ದೇನೆ. ಹೋದ ವರ್ಷ ನಮ್ಮ ಬಾವಿಯ ಪಂಪ್ ರಿಪೇರಿಗೆ ಬಂದ ಹುಡುಗ ಭಾರಿ ಚುರುಕು. "ನಾಲ್ಕು ಬೋಲ್ಟ್ ಯಾಕೆ ಸಾರ್, ಮೂರು ಸಾಕು, ಅಡ್ಜಸ್ಟ್ ಮಾಡಿದ್ದೇನೆ" ಅಂದ. ನಾಲ್ಕನೆಯ ಬೋಲ್ಟ್ ಈಗ ನನ್ನ ಮೇಜಿನ ಮೇಲಿದೆ. ಪಂಪು ಗುಜರಿಗೆ ಹೋಯಿತು.

ನಮಗೇನಾಗಿದೆ ಹೇಳಿ? ಉಡುಪಿ ಪರ್ಯಾಯಕ್ಕೆ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ ಎಂದು ಕ್ರಮ ತಪ್ಪದೆ ನಡೆಯುವುದನ್ನು ಕೈಮುಗಿದು ನೋಡುತ್ತೇವೆ. ಮನೆಯ ಹುಡುಗ ಕ್ರಮ ಪಾಲಿಸಿದರೆ "ಮಂಕು" ಅನ್ನುತ್ತೇವೆ. ಶಾಲೆಯಲ್ಲಿ ಬಾಯಿ ಮುಚ್ಚಿ ಸಾಲಿನಲ್ಲಿ ನಿಲ್ಲು ಅಂದವರೇ ಇಂಟರ್‌ವ್ಯೂನಲ್ಲಿ "ಹೊಸದೇನು ಮಾಡ್ತೀಯ" ಅಂತ ಕೇಳುತ್ತಾರೆ. ಗಂಟೆ ಹೊಡೆದಾಗ ಎದ್ದು, ಹಾಜರಿ ಪುಸ್ತಕ ತುಂಬಿಸಿ ಪಿಂಚಣಿಯವರೆಗೆ ಬಂದವರು ನೀವು. ಹುಡುಗ ಯಾರ ಹಾಗೆ ಅಂತ ಇನ್ನೂ ಹೊಳೆಯಲಿಲ್ವಾ?

ಮುಂದಿನ ಪತ್ರ ಅವನೇ ಬರೆಯಲಿ. ಹಾಳೆಯ ಒಂದೇ ಬದಿಗೆ ಬರೆಯಿರಿ ಎಂದು ಪ್ರತಿ ಸಂಚಿಕೆಯಲ್ಲೂ ಅಚ್ಚು ಹಾಕುತ್ತೇವೆ. ನೀವು ಎರಡೂ ಬದಿಗೆ ಬರೆದಿದ್ದೀರಿ.