ತಮ್ಮನಿಗೆ ಬೋನ್ ಮ್ಯಾರೋ (ಮೂಳೆಮಜ್ಜೆ) ಕಸಿಯಾಗಿ ಮೂರು ತಿಂಗಳು, ರಕ್ತದ ಕೌಂಟ್ ಸರಿಯಾಗಿದೆ. ಡಾಕ್ಟರ್ ಬೇಡ ಎನ್ನುತ್ತಾರೆ, ಆದರೂ ಅವನನ್ನು ಒಂದು ಮದುವೆಗೆ ಕರೆದುಕೊಂಡು ಹೋಗಬಹುದೇ?

ಈ ಮದುವೆಗೆ ಕರೆದೊಯ್ಯುವುದು ಬೇಡ, ದಯವಿಟ್ಟು. ಡಾಕ್ಟರ್ ಸುಮ್ನೆ ಹೆದರಿಸುತ್ತಿಲ್ಲ. ನನಗೂ ಇದೇ ಕಸಿ ಆಗಿದೆ: ಲುಕೇಮಿಯಾ (ರಕ್ತದ ಕ್ಯಾನ್ಸರ್) ಇತ್ತು, ಸ್ಟೆಮ್ ಸೆಲ್ (ರಕ್ತಕಣಗಳನ್ನು ಹುಟ್ಟಿಸುವ ಮೂಲ ಕಣ) ಕೊಟ್ಟವನು ನನ್ನ ಅಣ್ಣ. ಮೂರನೇ ತಿಂಗಳಲ್ಲಿ ನಾನೂ ರಿಪೋರ್ಟ್ ಹಿಡಿದು "ಎಲ್ಲ ಸರಿಯಾಯ್ತಲ್ವಾ?" ಎಂದು ಕೇಳಿದ್ದೆ.

ನೀವು ನೋಡಿದ ಕೌಂಟ್ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳದ್ದು. ಎರಡರಿಂದ ನಾಲ್ಕು ವಾರದೊಳಗೆ ಸಾಮಾನ್ಯವಾಗಿ ಅವು ಬಂದುಬಿಡುತ್ತವೆ. ರಕ್ತದ ಪ್ರತಿ ಮೈಕ್ರೋಲೀಟರ್‌ಗೆ ಸತತ ಮೂರು ದಿನ 500ಕ್ಕಿಂತ ಮೇಲಿದ್ದರೆ ಕಸಿ ಹಿಡಿಯಿತು ಅಂತ ಲೆಕ್ಕ. ಆದರೆ ವೈರಸ್ ಬಂದರೆ ಮುಖ್ಯವಾಗಿ ಬೇಕಾಗುವುದು ಟಿ ಸೆಲ್ ಎಂಬ ಇನ್ನೊಂದು ಬಗೆಯ ಬಿಳಿ ಕಣ. ತಡವಾಗುವುದೇ ಅದು.

ಮೊದಲ ತಿಂಗಳುಗಳಲ್ಲಿ ಇರುವ ಟಿ ಸೆಲ್‌ಗಳು ಹೆಚ್ಚಾಗಿ ದಾನಿಯ ಸ್ಟೆಮ್ ಸೆಲ್ ಚೀಲದಲ್ಲೇ ಬಂದವು. ಅವೇ ಮರಿ ಹಾಕಿಕೊಂಡು ಹೋಗುತ್ತವೆ, ಆದರೆ ಎಲ್ಲ ರೋಗಾಣುಗಳ ಗುರುತೂ ಅವಕ್ಕೆ ಇರುವುದಿಲ್ಲ. ಹೊಸವು ಹುಟ್ಟಿ, ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಗೆ ಹೋಗಿ, ಯಾರು ನಮ್ಮವರು ಯಾರು ಪರರು ಎಂದು ಕಲಿತು ಬರಬೇಕು. ವಯಸ್ಸಾದಂತೆ ಥೈಮಸ್ ಸೊರಗುತ್ತದೆ, ಕೀಮೋದಿಂದ ಇನ್ನಷ್ಟು ಏಟು ತಿನ್ನುತ್ತದೆ. ಅದಕ್ಕೇ ಮಕ್ಕಳು ಬೇಗ ಚೇತರಿಸಿಕೊಳ್ಳುತ್ತಾರೆ, ದೊಡ್ಡವರಿಗೆ ವರ್ಷ, ಎರಡು ವರ್ಷವೂ ಹಿಡಿಯುತ್ತದೆ. ದಾನಿಯ ಕಣಗಳು ನಮ್ಮ ಮೈಮೇಲೇ ತಿರುಗಿಬೀಳದಿರಲಿ ಎಂದು ಕೊಡುವ ಸೈಕ್ಲೋಸ್ಪೊರಿನ್ ಕೂಡ ಇದೇ ಟಿ ಸೆಲ್‌ಗಳನ್ನು ಕಟ್ಟಿಹಾಕುತ್ತದೆ. ಸಿಡಿ4 (ಟಿ ಸೆಲ್‌ಗಳಲ್ಲೇ ಒಂದು ಮುಖ್ಯ ಬಗೆ) ಎಷ್ಟಿದೆ ಎಂದು ಡಾಕ್ಟರನ್ನು ಕೇಳಿ. 200 ದಾಟಿದರೆ ಸ್ವಲ್ಪ ಧೈರ್ಯ. ನನ್ನದು ಆಗ 90 ಇತ್ತು, ಬಿಳಿ ಕಣಗಳ ಒಟ್ಟು ಲೆಕ್ಕ ಮಾತ್ರ ನೋಡಿದರೆ ಏನೂ ತೊಂದರೆ ಕಾಣುತ್ತಿರಲಿಲ್ಲ.

ನಾನು ಮಾಡಿದ ತಪ್ಪು ಹೇಳುತ್ತೇನೆ. ಏಳನೇ ತಿಂಗಳಲ್ಲಿ ಮಾತ್ರೆ ನುಂಗಿ ನುಂಗಿ ಬೇಸತ್ತು, ಯಾರನ್ನೂ ಕೇಳದೆ ವೈರಸ್ ತಡೆಯುವ ಎಸೈಕ್ಲೋವಿರ್ ನಿಲ್ಲಿಸಿದೆ. ಸ್ವಲ್ಪ ದಿನಕ್ಕೇ ಸೊಂಟದ ಸುತ್ತ ಸರ್ಪಸುತ್ತು ಎದ್ದಿತು. ಚಿಕ್ಕಂದಿನಲ್ಲಿ ಅಮ್ಮ (ಚಿಕನ್‌ಪಾಕ್ಸ್) ಆಗಿತ್ತಲ್ಲ, ಅದೇ ವೈರಸ್ ಇಷ್ಟು ವರ್ಷ ನರದಲ್ಲಿ ಅಡಗಿ ಕೂತಿತ್ತು. ಆ ಉರಿ ತಮ್ಮನಿಗೆ ಬೇಡ. ಮಾತ್ರೆ ತಪ್ಪಿಸದಂತೆ ನೀವೇ ನೋಡಿಕೊಳ್ಳಿ.

ಚಿಕ್ಕಂದಿನ ಲಸಿಕೆಗಳ ನೆನಪೂ ಬಹುಮಟ್ಟಿಗೆ ಅಳಿಸಿಹೋಗಿರುತ್ತದೆ. ಧನುರ್ವಾಯು, ನ್ಯುಮೋನಿಯಾ ಲಸಿಕೆಗಳನ್ನು ಸುಮಾರು ಆರು ತಿಂಗಳ ಹೊತ್ತಿಗೆ ಮತ್ತೆ ಶುರು ಮಾಡುತ್ತಾರೆ. ದಡಾರದಂಥ ಜೀವಂತ ಲಸಿಕೆಗೆ ಎರಡು ವರ್ಷವಾದರೂ ಕಾಯಬೇಕು. ಅಲ್ಲಿಯವರೆಗೆ ಮನೆಯವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಳ್ಳಿ.

ಮದುವೆ ಮುಗಿಸಿ ಗಂಡು ಹೆಣ್ಣು ಇಬ್ಬರೇ ಬಂದು ನೋಡಿಕೊಂಡು ಹೋಗಲಿ, ನೆಗಡಿ ಕೆಮ್ಮು ಇಲ್ಲದಿದ್ದರೆ ಮಾತ್ರ. ಜ್ವರ 100.4 ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.